ಮಾಸ್ತರು ತಿದ್ದಿದ ಕವಿತೆ

ಸಿದ್ದಾಪುರದ ಲೈನ್‌ಮನ್ ಬೈರ ಹನ್ನೊಂದು ಸಾವಿರ ವೋಲ್ಟಿನ ತಂತಿಗೆ ಹೆದರಿದವನಲ್ಲ. ಅವನು ಹೆದರುತ್ತಿದ್ದದ್ದು ತನ್ನ ಬಲಗೈಗೆ. ಮಗಳು ವಿನೋದಾ ಹುಟ್ಟಿದ ದಿನ, ಈ ಕೂಸಿನ ಮೇಲೆ ಯಾವತ್ತೂ ಕೈ ಎತ್ತುವುದಿಲ್ಲ ಎಂದು ಹೆಂಡತಿ ಮಂಜಿಯ ತಲೆ ಮುಟ್ಟಿ ಆಣೆ ಮಾಡಿದ್ದ. ಹತ್ತು ವರ್ಷ ಎತ್ತಿರಲೂ ಇಲ್ಲ. ಪಿತ್ತ ನೆತ್ತಿಗೇರಿದರೆ ಹಿತ್ತಿಲಿಗೆ ಹೋಗಿ ಸೌದೆ ಒಡೆಯುತ್ತಿದ್ದ. ಹಾಗಾಗಿ ಆ ಮನೆಯಲ್ಲಿ ಸೌದೆಗೆ ಬರ ಬಂದದ್ದೇ ಇಲ್ಲ.

ಆ ಸಿಟ್ಟು ಎಲ್ಲಿಂದ ಬಂತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕನೇ ಇಯತ್ತೆಯಲ್ಲಿ ಪದ್ಯ ಒಪ್ಪಿಸುವಾಗ ಒಂದು ಸಾಲು ಮರೆತುಹೋಯಿತು. ಹುಡುಗ ಬಾಯಿ ಮುಚ್ಚಿ ನಿಲ್ಲುವುದು ಬಿಟ್ಟು, ತನ್ನದೇ ಒಂದು ಸಾಲು ಕಟ್ಟಿ ಹೇಳಿಬಿಟ್ಟ. ವಿಘ್ನೇಶ್ವರ ಮಾಸ್ತರು ದಂಡಂ ದಶಗುಣಂ ಎಂದು ನಂಬಿದವರು. ಕೆನ್ನೆಗೆ ಬಾರಿಸಿದರು. ಬಿದ್ದವನನ್ನು ಕೂದಲು ಹಿಡಿದೆತ್ತಿ ಮತ್ತೆ ಅದೇ ಕಡೆಗೆ ಬಾರಿಸಿದರು. ಎಡಗಿವಿಯಿಂದ ಇಳಿದ ರಕ್ತಕ್ಕೆ ಅಂಗಿಯ ಹೆಗಲು ತೊಯ್ದಿತು. ಮನೆಗೆ ಹೋದರೆ ಅಪ್ಪ, ಮಾಸ್ತರು ಸುಮ್ಮನೆ ಹೊಡೆಯುತ್ತಾರೆಯೇ ಎಂದು ಎತ್ತಿನ ಬಾರುಕೋಲು ತೆಗೆದು ಬೆನ್ನಿನ ಸಿಪ್ಪೆ ಸುಲಿದ. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ. ಆ ಕಿವಿ ಮತ್ತೆ ಕೇಳಲಿಲ್ಲ.

ಇಷ್ಟಾದರೂ ಸಾಲು ಕಟ್ಟುವ ಚಾಳಿ ಹೋಗಲಿಲ್ಲ ನೋಡಿ. ಕಂಬದ ಮೇಲೆ ಕಟ್ಟಿದ್ದನ್ನು ಕೆಳಗಿಳಿದು ಬೀಡಿ ಕಟ್ಟಿನ ಕಾಗದದ ಮೇಲೆ ಗೀಚುತ್ತಿದ್ದ. ಅದನ್ನು ಮೊದಲು ಓದಿದವನು ಬಟ್ಟೆ ಅಂಗಡಿಯ ರಸೂಲ್. ಅವನ ಅಂಗಡಿಯ ಮಾಳಿಗೆಯಲ್ಲಿ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಕವಿಗೋಷ್ಠಿ. ಶಿರಸಿ, ಯಲ್ಲಾಪುರದಿಂದಲೂ ಬಸ್ಸು ಹಿಡಿದು ಕವಿಗಳು ಬರುತ್ತಿದ್ದರು. ಅಲ್ಲೊಂದು ಕ್ರಮವಿತ್ತು. ಓದಿದವರು ಹಾಳೆಯನ್ನು ಅಧ್ಯಕ್ಷರ ಕೈಗೆ ಕೊಡಬೇಕು, ಅವರು ಕೆಂಪು ಪೆನ್ನಿನಲ್ಲಿ ತಿದ್ದಿ ಎಲ್ಲರೆದುರು ಅಭಿಪ್ರಾಯ ಹೇಳಬೇಕು. ಎರಡು ಸಾವಿರದ ಒಂದರ ಮಾರ್ಚಿನಲ್ಲಿ ಅಧ್ಯಕ್ಷರಾಗಿ ಬರುವವರು ನಿವೃತ್ತ ವಿಘ್ನೇಶ್ವರ ಮಾಸ್ತರು. ಕರುಣೆಯ ಮೇಲೆ ಎರಡು ಸಂಕಲನ ಬರೆದ ಪುಣ್ಯಾತ್ಮರು.

"ಬೈರಣ್ಣ, ಮಾಸ್ತರ ಏಟಿನ ಮೇಲೆ ಬರ್ದಿದ್ಯಲ್ಲ, ಆ ಕವಿತೆ ಈ ಸಲ ಬ್ಯಾಡ. ಅವ್ರೇ ಬರ್ತಾರೆ," ಅಂದ ರಸೂಲ್.

"ಅವ್ರು ಬರ್ತಾರೆ ಅಂತ್ಲೇ ಓದ್ತೆ. ಹೌದು, ಹೊಡ್ದಿದ್ದು ತಪ್ಪು ಅಂತ ಒಂದ್ ಮಾತು ಹೇಳ್ಲಿ. ನಂಗೆ ಮತ್ತೆಂತದೂ ಬ್ಯಾಡ."

ಆ ದಿನ ವಿನೋದಾ ಹೊಸ ಲಂಗ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಳು. ಅಪ್ಪನ ಕವಿತೆ ಅವಳಿಗೆ ಬಾಯಿಪಾಠ. ಬೈರ ತಪ್ಪಿಲ್ಲದೆ ಓದಿದ:

ಮೊದಲ ಏಟಿಗೆ ರಕ್ತ, ಎರಡನೆಯದಕ್ಕೂ ರಕ್ತ,
ಮೂರನೆಯದು ಅಪ್ಪನದು, ಅಷ್ಟರಲ್ಲಿ ರಕ್ತ ಮುಗಿದಿತ್ತು.

ಸಭೆಯಲ್ಲಿ ಅರ್ಧಕ್ಕರ್ಧ ಜನ ಮಾಸ್ತರ ಹಳೆಯ ವಿದ್ಯಾರ್ಥಿಗಳೇ. ಒಬ್ಬರೂ ತಲೆ ಎತ್ತಲಿಲ್ಲ.

ಮಾಸ್ತರು ಹಾಳೆ ತೆಗೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. "ಎರಡು ಸಾಲಿನಲ್ಲಿ ಮೂರು ಸಲ ರಕ್ತ. ಪುನರುಕ್ತಿ ದೋಷ. ಒಂದು ಇಟ್ಟುಕೊಂಡರೆ ಸಾಕು," ಎಂದು ಎರಡು ರಕ್ತಕ್ಕೆ ಕೆಂಪು ಗೆರೆ ಎಳೆದರು. "ಕವಿತೆಗೆ ಸಂಯಮ ಬೇಕು."

"ಮಾಸ್ತರ್ರೆ, ಆ ಹುಡ್ಗ ನಾನು. ಹೊಡ್ದವ್ರು ನೀವು."

ಮಾಸ್ತರು ಕನ್ನಡಕ ಸರಿಮಾಡಿ ನೋಡಿದರು. ನಕ್ಕರು. "ಎಷ್ಟು ಮಕ್ಕಳಿಗೆ ಹೊಡೆದಿದ್ದೇನೋ, ಯಾರಿಗೆ ನೆನಪಿರ್ತದೆ? ಹೊಡೆದದ್ದಕ್ಕೇ ಅಲ್ವೇನೋ ನೀನು ಇವತ್ತು ಕವಿ ಆದದ್ದು?"

ಬೈರನ ಬಲಗೈ ಎದ್ದದ್ದು ಬೈರನಿಗೇ ಗೊತ್ತಾಗಲಿಲ್ಲ. ಮೊದಲ ಏಟಿಗೆ ಕನ್ನಡಕ ಹಾರಿತು. ಎರಡನೆಯದಕ್ಕೆ ಮಾಸ್ತರು ಕುರ್ಚಿ ಸಮೇತ ಉರುಳಿದರು. ಎದೆಯ ಮೇಲೆ ಕೂತು ಮತ್ತೆ ಮತ್ತೆ ಬಾರಿಸಿದ. ಮೂಗು ಒಡೆದು ರಕ್ತ ಬಿಳಿ ಜುಬ್ಬಾಕ್ಕೆ ಸುರಿಯಿತು. "ಈಗ ನೆನಪಾಯ್ತಾ? ಆಯ್ತಾ?" ಎಂದು ಕೇಳುತ್ತಲೇ ಇದ್ದ. ನಲವತ್ತು ಜನರಿದ್ದ ಮಾಳಿಗೆಯಲ್ಲಿ ಬಿಡಿಸಲು ಎದ್ದವನು ರಸೂಲ್ ಒಬ್ಬನೇ. ಹಿಂದಿನ ಬೆಂಚಿನಲ್ಲಿ ಯಾರೋ ಸಣ್ಣಗೆ ನಕ್ಕರು. ಸುಳ್ಳೇಕೆ ಹೇಳಬೇಕು, ಬೈರನಿಗೂ ಆ ಕ್ಷಣ ಬಹಳ ಖುಷಿಯಾಗಿತ್ತು. ಇಪ್ಪತ್ತೈದು ವರ್ಷದ ಭಾರ ಇಳಿದ ಹಾಗಿತ್ತು.

ರಸೂಲ್ ಅವನನ್ನು ಎಳೆದು ನಿಲ್ಲಿಸಿದ. ಮಾಸ್ತರು ನೆಲದ ಮೇಲೆ ಮಲಗಿಯೇ ಮುಖಕ್ಕೆ ಮೊಣಕೈ ಅಡ್ಡ ಹಿಡಿದು, "ಸಾಕೋ, ಸಾಕೋ," ಎನ್ನುತ್ತಿದ್ದರು. ತಪ್ಪಾಯಿತು ಎಂಬ ಮಾತು ಆಗಲೂ ಬರಲಿಲ್ಲ. ಬೈರ ಉಸಿರು ಸುಧಾರಿಸಿಕೊಂಡು ಮಗಳ ಕಡೆ ತಿರುಗಿದ.

"ಬಾ ಮಗಾ, ಮನೆಗೆ ಹೋಗಾಣ," ಎಂದು ಕೈ ಚಾಚಿದ.

ವಿನೋದಾ ಕುರ್ಚಿ ಬಿಟ್ಟೆದ್ದು ಹಿಂದೆ ಹಿಂದೆ ಸರಿದು ಗೋಡೆಗೆ ಒತ್ತಿ ನಿಂತಳು. ಬೈರ ಒಂದು ಹೆಜ್ಜೆ ಮುಂದಿಟ್ಟ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ನಾ ಎಂತದೂ ಮಾಡ್ಲಿಲ್ಲ ಅಪ್ಪ," ಅಂದಳು.