ಬೇಲಿಯ ಕಂಬಕ್ಕಿಂತ ಕೆಳಗೆ

"ದಿನಾ ಧಪ್ ಅಂತ ಇಮಾನಾ ಕೆಡವತಾರಲ್ಲ, ಆ ಹುಡುಗಿ ನೀವೇ ಏನ್ರಿ?"

ಬೀದರ್ ಜಿಲ್ಲೆಯ ಹಲಬರ್ಗಾದ ಚಹಾ ಅಂಗಡಿಯಲ್ಲಿ ಪರಿಚಯವೇ ಇಲ್ಲದ ಹೆಂಗಸೊಬ್ಬರು ಹೀಗೆ ಕೇಳಿದಾಗ, ನನ್ನ ಬಸಿಯ ಚಹಾ ಅರ್ಧ ಚೆಲ್ಲಿತು. ವಿಮಾನ ಹಾರಿಸುವುದನ್ನು ಕಲಿಯಲು ಹೊನ್ನಾವರದಿಂದ ಬಂದು ಎರಡು ತಿಂಗಳಾಗಿತ್ತು. ಅವರು ಗುಂಡಮ್ಮ. ನಮ್ಮ ತರಬೇತಿ ಶಾಲೆಯ ರನ್‌ವೇ ಮುಗಿಯುವಲ್ಲಿ ಮುಳ್ಳುತಂತಿಯ ಬೇಲಿ, ಬೇಲಿಯಾಚೆ ಅವರ ತೊಗರಿ ಹೊಲ. ಯಾರು ಹತ್ತಿದರು, ಯಾರು ಕೆಡವಿದರು ಎಲ್ಲ ಅವರಿಗೆ ಗೊತ್ತು. ನಮ್ಮ ಕರಾವಳಿಯಲ್ಲಾದರೆ ಗಿಡಮರದ ಮರೆಯಿದೆ. ಬಿದ್ದರೂ ಎದ್ದು ಮಣ್ಣು ಕೊಡವಿಕೊಂಡರೆ ಆಯಿತು. ಇಲ್ಲಿ ಬಟ್ಟಬಯಲು, ಬಿದ್ದರೆ ಭಾಲ್ಕಿಯವರೆಗೂ ಕಾಣುತ್ತದೆ. "ಹೌದ್ರಿ" ಎಂದವಳೇ ಅಲ್ಲಿಂದ ಕಾಲ್ಕಿತ್ತೆ.

ಉಳಿದದ್ದೆಲ್ಲ ಬೇಗ ಒಗ್ಗಿತ್ತು. ನನ್ನ ಕೋಣೆ ಬೀದರಿನ ಹಳೇ ಊರಿನಲ್ಲಿ, ಖತೀಜಾ ಆಪಾ ಅವರ ಮಹಡಿಯ ಮೇಲೆ. ಆಪಾ ಎಂದರೆ ಅಕ್ಕ. ಮೊದಲ ದಿನ ಅವರು "ಹಿಂಡಿ ಹಾಕ್ಲೇನು?" ಎಂದಾಗ ಗಾಬರಿಯಾಗಿದ್ದೆ, ನಮ್ಮಲ್ಲಿ ಹಿಂಡಿ ಎಮ್ಮೆಗೆ ಹಾಕುವುದು. ಇಲ್ಲಿ ಅದು ಶೇಂಗಾ ಚಟ್ನಿಪುಡಿ. ಈಗ ಅದಿಲ್ಲದೆ ನನಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ.

ಇಳಿಯದೇ ಉಳಿದದ್ದು ವಿಮಾನ. ನೆಲ ಹತ್ತಿರವಾದಾಗ ಮೆಲ್ಲಗೆ ಮೂಗು ಎತ್ತಬೇಕು, ಆಗ ಹಿಂದಿನ ಗಾಲಿಗಳು ಮೊದಲು ನೆಲ ಮುಟ್ಟುತ್ತವೆ. ನಾನು ಹೆದರಿ ಇನ್ನೂ ಮೇಲಿರುವಾಗಲೇ ಎತ್ತುತ್ತಿದ್ದೆ. ವೇಗ ಸತ್ತ ವಿಮಾನ ಧಪ್ಪನೆ ಬೀಳುತ್ತಿತ್ತು. "ಆತುರ ಮಾಡ್ತೀರಿ" ಎಂದು ಪಕ್ಕದಲ್ಲಿ ಕೂತು ಕಲಿಸುವ ಸರ್ ದಿನವೂ ಹೇಳುತ್ತಿದ್ದರು. ಎಷ್ಟು ಆತುರ ಎಂಬುದು ಮಾತ್ರ ನನ್ನ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಕೊನೆಗೊಂದು ಸೋಮವಾರ ಅವರು ಹೇಳಿಯೇಬಿಟ್ಟರು: ಶನಿವಾರದೊಳಗೆ ಸರಿಯಾಗಿ ಇಳಿಸದಿದ್ದರೆ ಒಂಟಿ ಹಾರಾಟವಿಲ್ಲ, ಮನೆಗೆ ಹೊರಡಿ.

ಆಪಾ ಮುಂದೆ ತಟ್ಟೆ ತಳ್ಳಿ ಕೂತೆ. "ಮೊದಲ ಉಣ್ಣು ಬೇಟಿ, ಆಮ್ಯಾಲ ಅಳು" ಎಂದರು. ಉಂಡೆ, ಅತ್ತೆ. ಮರುದಿನ ಮಾನ ಬದಿಗಿಟ್ಟು ಗುಂಡಮ್ಮನ ಹೊಲಕ್ಕೆ ಹೋದೆ.

ಗುಂಡಮ್ಮ ಬೇಯಿಸಿದ ತೊಗರಿಕಾಯಿ ಕೊಟ್ಟು ಬದುವಿನ ಮೇಲೆ ಕೂರಿಸಿಕೊಂಡರು. "ಬ್ಯಾರೆಯವ್ರ ಇಮಾನ ನೋಡ್ರಿ. ಬೇಲಿ ಕಂಬದಕಿಂತ ಕೆಳಗ ಬಂದ್ ಮ್ಯಾಲ ಮೂಗ ಎತ್ತತಾರ. ನೀವು ಕಂಬದ ಮ್ಯಾಲ ಇದ್ದಾಗೇ ಎತ್ತತೀರಿ. ಯಾಕ ಅವಸರಾ?"

ಒಂದಾದ ಮೇಲೊಂದು ಏಳು ವಿಮಾನ ಇಳಿದವು. ಏಳೂ ಕಂಬದ ತುದಿಗಿಂತ ಕೆಳಗೆ ಬಂದು ಮೂಗೆತ್ತಿದವು. ಎರಡು ತಿಂಗಳು ಒಳಗೆ ಕೂತು ಕಾಣದ್ದು ಬದುವಿನಿಂದ ಕಂಡಿತು. ನನ್ನ ಬೆಪ್ಪುತನಕ್ಕೆ ನಗು ಬಂತು.

"ನಿಮ್ಮೂರು ದೂರ ಏನ್ರಿ?" ಎಂದು ಕೇಳಿದರು. ಸಮುದ್ರದ ಕಡೆ ಎಂದೆ.

"ನಂದು ಔರಾದ ಕಡಿ ಎಕಂಬಾ. ಲಗ್ನ ಆಗಿ ಬಂದು ನಲವತ್ತ ವರ್ಷ ಆತು. ಇನ್ನಾ ನನಗ ಎಕಂಬಾದಾಕಿ ಅಂತಾರ. ಅಂದ್ರ ಅನ್ನಲಿ, ಹೊಲಾ ಮಾತ್ರ ನಂದೇ."

ಶನಿವಾರ ಸರ್ ಜೊತೆ ಮೂರು ಬಾರಿ ಇಳಿಸಿದೆ. ಅವರು ಕೆಳಗಿಳಿದು, ಬಾಗಿಲು ಹಾಕಿ, "ಹೋಗಿ ಬನ್ನಿ" ಎಂದರು. ಪಕ್ಕದ ಸೀಟು ಖಾಲಿ. ಮೇಲಿಂದ ಭಾಲ್ಕಿಯ ಮಾಳಿಗೆಗಳು, ಔರಾದ ಕಡೆಗೆ ಹೊರಟ ರಸ್ತೆ, ಹಸಿರು ತೊಗರಿಯ ನಡುವೆ ಗುಂಡಮ್ಮನ ಕೆಂಪು ಸೀರೆ ಕಂಡವು. ಇಳಿಯುವಾಗ ಮೂಗೆತ್ತಲು ಕೈ ತುರಿಸಿತು. ಕಾದೆ. ಎದುರು ಕೊನೆಯ ಬೇಲಿ ಕಂಬದ ತುದಿ ನನ್ನ ಕಣ್ಣಿಗಿಂತ ಮೇಲೆ ಹೋಯಿತು. ಈಗ ಎತ್ತಿದೆ. ಗಾಲಿ ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ! ಗೆದ್ದೆ ಎಂದು ಒಬ್ಬಳೇ ಕೂಗಿದೆ, ಸೀಟಿಗೆ ಗುದ್ದಿದೆ. ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಸಂಜೆ ಪೇಡೆ ಹಿಡಿದು ಹೊಲಕ್ಕೆ ಓಡಿದೆ. ಗುಂಡಮ್ಮ ಕಾಯಿ ಬಿಡಿಸುತ್ತಲೇ ಕೇಳಿದರು: "ಇವತ್ತ ಹಾರಲಿಲ್ಲೇನ್ರಿ? ಧಪ್ ಅನ್ನೋ ಸಪ್ಪಳೇ ಕೇಳಲಿಲ್ಲ."

ಇದಕ್ಕಿಂತ ದೊಡ್ಡ ಪದಕ ನನಗೆ ಬೇಡ.

ಬದುವಿನಲ್ಲೇ ಕೂತು ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಅತ್ತು, ನಕ್ಕು, ಮೂಗೊರೆಸಿಕೊಂಡು, "ಊರಿಗೆ ಯಾವಾಗ ಬತ್ತೆ ಮಗಾ?" ಎಂದಳು.

"ತೊಗರಿ ರಾಶಿ ಆಗಲಿ, ಬತ್ತೆ."

"ಯಾರ ತೊಗರಿ?"

"ನಮ್ದೇ" ಎಂದುಬಿಟ್ಟೆ.