ಕಟ್ಟದ ಹಲಗೆ, ಪುಸ್ತಕದ ಕಪಾಟು

ನೀವು ಹಣ ಕೊಟ್ಟು ಕೊಂಡ ಮನೆಯ ಅಟ್ಟದಲ್ಲಿ ಇರುವುದೆಲ್ಲ ನಿಮ್ಮದೇ ಎಂದು ನಿಮಗೆ ಹೇಳಿದವರು ಯಾರು?

ನನಗಂತೂ ಯಾರೂ ಹೇಳಿರಲಿಲ್ಲ. ನಾನೇ ಹಾಗೆಂದು ತೀರ್ಮಾನಿಸಿದ್ದೆ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆ ಒಂದೇ ವಿಷಯದ ಪರವಾಗಿಯೂ ವಿರೋಧವಾಗಿಯೂ ಮಾತನಾಡಿ ಅಭ್ಯಾಸವಾದವಳಿಗೆ ತೀರ್ಮಾನಕ್ಕೆ ಬರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅದರಿಂದ ಕೆಳಗಿಳಿಯಲು ನನಗೆ ಒಂಬತ್ತು ದಿನ ಬೇಕಾಯಿತು. ಆ ಒಂಬತ್ತು ದಿನಗಳಲ್ಲಿ ಒಬ್ಬಾಕೆಯ ಅಗೆ, ಅಂದರೆ ನೆಡಲೆಂದು ಬೆಳೆಸಿದ ಭತ್ತದ ಸಸಿ, ಗದ್ದೆಯಲ್ಲಿ ಒಣಗುತ್ತಿತ್ತು.

ಕೊಂಕಣ ರೈಲು ಬೈಂದೂರಿನಲ್ಲಿ ನಿಲ್ಲತೊಡಗಿ ಕೆಲವು ವರ್ಷಗಳಾಗಿದ್ದವು. ಬ್ರಹ್ಮಾವರದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಕೆಲಸ ಬಿಟ್ಟು, ಗಂಡನೊಡನೆ ವಂಡ್ಸೆಯಿಂದ ಒಳಗಿನ ಒಂದು ಊರಿಗೆ ಬಂದೆ. ಒಂದೂಕಾಲು ಎಕರೆ ಜಾಗ, ಮೂವತ್ತು ತೆಂಗು, ಎರಡು ಗದ್ದೆ, ಒಂದು ಬಾವಿ, ಹೆಂಚಿನ ಮನೆ, ಅದರ ಪಕ್ಕಕ್ಕೆ ಖಾಲಿ ದನದ ಹಟ್ಟಿ. ಹಿಂದಿನ ಮಾಲೀಕರು ಮುಂಬಯಿಯಲ್ಲಿ ಹೋಟೆಲು ಇಟ್ಟವರು. ವ್ಯವಹಾರವೆಲ್ಲ ದಲ್ಲಾಳಿಯ ಮೂಲಕವೇ ಮುಗಿದಿತ್ತು. ನನ್ನ ಉದ್ದೇಶ ಕೇವಲ ಕೃಷಿಯಾಗಿರಲಿಲ್ಲ. ಮನೆಯ ಮುಂದಿನ ಕೋಣೆಯನ್ನು ಊರಿನ ವಾಚನಾಲಯವಾಗಿಸಬೇಕು, ಸಂಜೆ ಹೆಂಗಸರು ಬಂದು ಪತ್ರಿಕೆ ಓದಬೇಕು, ಓದಿದ್ದರ ಮೇಲೆ ಮಾತನಾಡಬೇಕು ಎಂಬ ಹಂಬಲವಿತ್ತು. ಊರಿನವರು ಅದನ್ನು ಕೇಳಿದ್ದರೇ ಎಂಬ ಪ್ರಶ್ನೆ ನನಗೆ ಆಗ ಹೊಳೆದಿರಲಿಲ್ಲ.

ಆ ಮಳೆಗಾಲದಲ್ಲಿ ನಾನು ಒಂದು ಕಡೆ ಕುಳಿತು ಪೂರ್ತಿ ಒಂದು ಲೋಟ ಚಹಾ ಕುಡಿದ ನೆನಪಿಲ್ಲ. ಅರ್ಧ ಸೂರಿಗೆ ಹೊಸ ಹೆಂಚು, ಉಳಿದರ್ಧಕ್ಕೆ ಪ್ಲಾಸ್ಟಿಕ್ ಹೊದಿಕೆ. ಕಿಟಕಿಯನ್ನು ಪೂರ್ವದ ಗೋಡೆಯಲ್ಲಿ ಒಡೆಸಿದೆ, ಬೆಳಕು ಸಾಲದೆಂದು ದಕ್ಷಿಣಕ್ಕೂ ಒಡೆಸಿದೆ, ಅಲ್ಲಿಂದ ಎರಚಲು ಬರುತ್ತದೆಂದು ಮತ್ತೆ ಮುಚ್ಚಿಸಿದೆ. ಮೊಳೆ ಮರೆತು ಕುಂದಾಪುರಕ್ಕೆ ಬಸ್ಸು ಹತ್ತುವುದು, ಅಲ್ಲಿಂದ ಬಂದು ಬಾಗಿಲಿನ ತಿರುಗಣೆ ಮರೆತಿದ್ದೇನೆಂದು ಮರುದಿನ ಪುನಃ ಹೋಗುವುದು. ಅಂಚೆ ಕಚೇರಿಯ ಗುಮಾಸ್ತರಾಗಿದ್ದ ನನ್ನ ಗಂಡ ಕೆಲಸದಿಂದ ಬಂದವರೇ ಜಗಲಿಯಲ್ಲಿ ಕುಳಿತು ನಗುತ್ತಿದ್ದರು.

"ನೀನ್ ಒಂದ್ ಗಳ್ಗಿ ಕೂಕಂಡ್ರೆ ಮನಿ ಎಂತ ಓಡಿ ಹೋತ್ತಾ?"

ಓಡಿಹೋಗುವುದು ಮನೆಯಲ್ಲ, ಕಾಲ ಎಂದು ನಾನು ಉತ್ತರ ಕೊಟ್ಟಿದ್ದೆ. ನನ್ನ ಬಳಿ ಎಲ್ಲಕ್ಕೂ ಉತ್ತರವಿರುತ್ತಿತ್ತು.

ಹಲಗೆಗಳು ಸಿಕ್ಕಿದ್ದು ಆಗಲೇ. ಹಟ್ಟಿಯ ಅಟ್ಟದಲ್ಲಿ ಇಪ್ಪತ್ತನಾಲ್ಕು ಹೆಬ್ಬಲಸಿನ ಹಲಗೆಗಳು, ಆರೂವರೆ ಅಡಿ ಉದ್ದ, ಒಂದಡಿ ಅಗಲ, ಹೊಗೆ ಹಿಡಿದು ಕಪ್ಪಾಗಿ, ಕಲ್ಲಿನಂತೆ ಗಟ್ಟಿಯಾಗಿ, ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿಟ್ಟಿದ್ದವು. ಪ್ರತಿಯೊಂದರ ಎರಡೂ ತುದಿಗೆ ಹಗ್ಗ ಹಾಯುವಷ್ಟು ತೂತು; ಮೈಮೇಲೆ ಕೆಂಪು ಬಣ್ಣದಲ್ಲಿ ಒಂದರಿಂದ ಇಪ್ಪತ್ತನಾಲ್ಕರವರೆಗೆ ಅಂಕಿ. ಯಾರೋ ಮರದ ವ್ಯಾಪಾರಿ ಹಾಕಿದ ಅಂಕಿಯೆಂದು ನಾನು ಭಾವಿಸಿದೆ. ಬ್ರಹ್ಮಾವರದಿಂದ ನಾನು ಕರೆಸಿದ್ದ ಬಡಗಿ, ಹಳೆಯ ಮಂಜಿ ಹಡಗಿನದ್ದಿರಬೇಕು, ಇಂಥ ಮರ ಈಗ ಸಿಕ್ಕುವುದಿಲ್ಲ ಎಂದು ಅದರ ಮೇಲೆ ಕೈಯಾಡಿಸಿದ. ತೋಡಿನ, ಅಂದರೆ ಸಣ್ಣ ಹಳ್ಳದ, ಆಚೆಗೇ ಊರಿನ ಬಡಗಿಯಾದ ಆಚಾರಿಯ ಮನೆಯಿತ್ತು. ಆದರೆ ಆತ ಹೇಳಿದ ದಿನಕ್ಕೆ ಬರುವವನಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ, ನಾನು ಕೆಲಸವನ್ನು ಬರವಣಿಗೆಯ ಕರಾರಿನ ಮೇಲೆ ಹೊರಗಿನವನಿಗೆ ಒಪ್ಪಿಸಿದ್ದೆ.

"ಒಂದ್ ಮಾತ್ ಆಚಿಮನಿಯವ್ರ್ ಹತ್ರ ಕೇಂಡ್ರ್ ಹ್ಯಾಂಗೆ?" ಎಂದರು ನನ್ನ ಗಂಡ.

"ನಮ್ಮ ಮನೆಯ ಹಲಗೆ ಮುಟ್ಟಲು ಆಚೆಮನೆಯವರ ಅನುಮತಿಯೇ?" ಎಂದೆ ನಾನು.

ಹತ್ತು ಹಲಗೆಗಳನ್ನು ನಡುವೆ ಕೊಯ್ದು ಇಪ್ಪತ್ತು ತಟ್ಟುಗಳ ಪುಸ್ತಕದ ಕಪಾಟುಗಳನ್ನು ಮಾಡಿಸಿದೆ. ನಾಲ್ಕು ಹಲಗೆಗಳು ಮನೆಯ ಮುಂಬಾಗಿಲಾದವು; ಉದ್ದ ಬಾಗಿಲಿಗೆ ಸರಿಯಾಗಿದ್ದುದರಿಂದ ಅವನ್ನು ಕೊಯ್ಯಲಿಲ್ಲ, ತೂತುಗಳಿಗೆ ಮಾತ್ರ ಬೆಣೆ ಜಡಿದು ಮುಚ್ಚಿದೆವು. ಹತ್ತು ಅಟ್ಟದಲ್ಲೇ ಉಳಿದವು.

ದೀಪಾವಳಿ ಕಳೆದು ಹದಿನೈದು ದಿನವಾಗಿತ್ತು. ಬೆಳಿಗ್ಗೆ ಅಂಗಳದಲ್ಲಿ ಕೂಗು ಕೇಳಿಸಿತು.

"ಹ್ವಾಯ್ ಟೀಚರೇ, ಇದ್ರ್ಯಾ?"

ಆಚೆಮನೆಯ ಅಕ್ಕ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಹಿರಿಯಳು. ಗಂಡ ಮುಂಬಯಿಯ ಹೋಟೆಲೊಂದರಲ್ಲಿ ಅಡುಗೆಯವನು, ವರ್ಷಕ್ಕೊಮ್ಮೆ ಬರುವವನು. ಗದ್ದೆ ಪೂರ್ತಿ ಇವಳದೇ ಕೈಯಲ್ಲಿ. ನಾವು ಬಂದ ವಾರವೇ ಮೊಸರಿಗೆ ಹೆಪ್ಪು ತಂದುಕೊಟ್ಟವಳು ಇವಳು. ಅವಳ ಹಿಂದೆ ಹಾರೆ, ಬುಟ್ಟಿ, ಹಗ್ಗ ಹಿಡಿದು ಏಳೆಂಟು ಜನ ನಿಂತಿದ್ದರು.

"ಹಲ್ಗಿ ಇಳ್ಸುಕೆ ಬಂದದ್" ಎಂದಳು ಅಕ್ಕ.

"ಯಾವ ಹಲಗೆ?"

"ಯಾವ್ದ್ ಅಂದ್ರೆ? ಕಟ್ಟದ್ ಹಲ್ಗಿ. ಹಟ್ಟಿ ಅಟ್ಟದ್ ಮೇಲ್ ಇತ್ತಲ್ದಾ."

ನಮ್ಮ ಜಾಗದ ಅಂಚಿನಲ್ಲಿ ಹರಿಯುವ ತೋಡಿಗೆ ಅಡ್ಡಲಾಗಿ ಕಲ್ಲಿನ ಕಂಬಗಳಿದ್ದವು, ನಡುವೆ ಮೂರು ಕಿಂಡಿ. ಹಾಳುಬಿದ್ದ ಸೇತುವೆಯೆಂದುಕೊಂಡು ನಾನು ದಿನವೂ ಅದನ್ನು ನೋಡುತ್ತಿದ್ದೆ. ಮಳೆ ನಿಂತ ಮೇಲೆ ಆ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ಸಾಲುಗಳ ನಡುವೆ ಜೇಡಿಮಣ್ಣು ತುಂಬಿ ತುಳಿದರೆ ಅದೇ ಕಟ್ಟ, ತೋಡಿನ ನೀರು ನಿಲ್ಲುತ್ತದೆ. ಆ ನೀರಿನಿಂದ ಆರು ಮನೆಗಳು ಸುಗ್ಗಿಯ, ಅಂದರೆ ವರ್ಷದ ಎರಡನೆಯ, ಬೆಳೆ ತೆಗೆಯುತ್ತವೆ. ಮಳೆಗೆ ಮೊದಲು ಹಲಗೆ ಬಿಚ್ಚಿ, ತೊಳೆದು, ತೋಡಿಗೆ ಹತ್ತಿರದ ಹಟ್ಟಿಯ ಅಟ್ಟದಲ್ಲಿ ಅಂಕಿಯ ಪ್ರಕಾರ ಇಡುತ್ತಾರೆ. ಅದು ಆ ಮನೆಯ ಪಾಲಿನ ಕೆಲಸ. ಮನೆ ಕೊಂಡವರಿಗೆ ಅದು ಗೊತ್ತಿರುತ್ತದೆ ಎಂದು ಅವರೆಲ್ಲ ತಿಳಿದಿದ್ದರು, ಬಾವಿ ಎಲ್ಲಿದೆಯೆಂದು ಗೊತ್ತಿರುವ ಹಾಗೆ.

ಇಷ್ಟನ್ನೂ ನಾನು ಆ ಬೆಳಿಗ್ಗೆ ಅಂಗಳದಲ್ಲಿ ನಿಂತೇ ತಿಳಿದೆ. ಅಷ್ಟರಲ್ಲಿ ಅಕ್ಕನ ಕಣ್ಣು ಬಾಗಿಲಿನ ಮೇಲೆ ನಿಂತಿತ್ತು. ಅವಳು ಒಳಗೆ ಬಂದು, ಕಪಾಟಿನ ಮುಂದೆ ನಿಂತು, ಒಂದು ತಟ್ಟಿನ ಅಡಿಗೆ ಬಗ್ಗಿ ನೋಡಿದಳು. ಕೆಂಪು ಬಣ್ಣದ ಅಂಕಿಯ ಅರ್ಧ ಭಾಗ ಅಲ್ಲಿ ಉಳಿದಿತ್ತು.

"ಅಯ್ಯೋ ದೇವ್ರೇ, ಇದ್ ನಮ್ ಹನ್ನೊಂದನೇ ನಂಬ್ರ್ ಅಲ್ದಾ!"

ಹೊರಗಿದ್ದವರಲ್ಲಿ ಕಟ್ಟದ ಕೆಲಸಕ್ಕೆ ಹಿರಿಯನಾದ ಮುದುಕನೊಬ್ಬ ಇಣುಕಿ ನೋಡಿ ಹೇಳಿದ: "ಇನ್ನೆಂತ, ಕಿಂಡಿಗೆ ಪುಸ್ತ್ಕ ಜೋಡ್ಸುವ. ನೀರೂ ಒಂಚೂರ್ ಓದ್ಲಿ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ನನಗೆ ಮುಖ ಬಿಸಿಯಾಯಿತು. ಬಿಸಿಯಾದಾಗ ನನಗೆ ಮಾತು ಬರುತ್ತದೆ. ಮನೆಯನ್ನೂ ಅದರೊಳಗಿನ ವಸ್ತುಗಳನ್ನೂ ನಾನು ಕ್ರಮಬದ್ಧವಾಗಿ ಕೊಂಡಿದ್ದೇನೆ. ಹಲಗೆ ಊರಿನದೆಂಬುದಕ್ಕೆ ಬರವಣಿಗೆಯ ಆಧಾರವಿಲ್ಲ. ನಾಲ್ಕು ತಿಂಗಳಿನಿಂದ ಇಲ್ಲಿದ್ದೇನೆ, ಒಬ್ಬರಾದರೂ ನನಗೆ ಹೇಳಬಹುದಿತ್ತು. ಒಂದೊಂದು ಅಂಶವನ್ನೂ ಬೆರಳು ಮಡಿಸಿ ಮುಂದಿಟ್ಟೆ. ಯಾರೂ ಎದುರು ಹೇಳಲಿಲ್ಲ. ವೇದಿಕೆಯಾಗಿದ್ದರೆ ಆ ಮೌನವನ್ನು ಗೆಲುವೆನ್ನುತ್ತಿದ್ದರು.

"ಸಮ ಟೀಚರೇ, ನೀವ್ ಹೇಳೂದೆಲ್ಲ ಸಮ" ಎಂದಳು ಅಕ್ಕ. "ಈಗ ನನ್ ಅಗಿಗೆ ನೀರ್ ಎಲ್ಲಿಂದ ತರೂದ್, ಅದೊಂದ್ ಹೇಳಿ."

ಅಗೆ ಮೊಳೆತು ಬೆರಳುದ್ದ ಬಂದಿತ್ತು. ಎರಡು ವಾರದೊಳಗೆ ಗದ್ದೆಯಲ್ಲಿ ನೀರು ನಿಲ್ಲದಿದ್ದರೆ ನಟ್ಟಿ ಇಲ್ಲ. ಆರು ಮನೆಗಳಲ್ಲಿ ಎರಡು ಆಗಲೇ ಅನುಮಾನದಲ್ಲಿದ್ದವು, ಈ ವರ್ಷ ಸುಗ್ಗಿ ಮಾಡುವುದೋ ಬಿಡುವುದೋ ಎಂದು. ಹೋಗುವಾಗ ಅಕ್ಕ ಮೆಟ್ಟಿಲ ಮೇಲೆ ತಿರುಗಿ ನಿಂತು ಹೇಳಿದ ಮಾತು ಇನ್ನೂ ನನ್ನನ್ನು ಕೂರಲು ಬಿಡುವುದಿಲ್ಲ.

"ಒಂದ್ ವರ್ಷ ಗದ್ದಿ ಖಾಲಿ ಬಿಟ್ರೆ ಮತ್ತೆ ಯಾರೂ ಇಳೂದಿಲ್ಲೆ. ನಾನ್ ಒಬ್ಳೇ ಕಟ್ಟ ಕಟ್ಟುಕಾತ್ತಾ?"

ಮರುದಿನದಿಂದ ನಾನು ಓಡಾಡಿದೆ. ಕಪಾಟು ಉಳಿಯಬೇಕು, ಕಟ್ಟವೂ ಆಗಬೇಕು. ಹೊಸ ಹಲಗೆ ತಂದುಕೊಟ್ಟರೆ ಎರಡೂ ಸಾಧ್ಯವಲ್ಲವೇ? ಕುಂದಾಪುರದ ಮರದ ಮಿಲ್ಲುಗಳಿಗೆ ಹೋದೆ, ಬೈಂದೂರಿಗೆ ಹೋದೆ, ಕೊಲ್ಲೂರಿನ ದಾರಿಯ ಬಸ್ಸಿನಲ್ಲಿ ನಿಂತುಕೊಂಡೇ ಎರಡು ಸಲ ಪ್ರಯಾಣ ಮಾಡಿದೆ. ಹಲಗೆ ಸಿಕ್ಕಿತು, ಆದರೆ ಎಲ್ಲವೂ ಹಸಿ ಮರ; ನೀರಿನಲ್ಲಿ ಒಂದು ವಾರ ನಿಂತರೆ ತಿರುಚಿಕೊಳ್ಳುವಂಥವು. ಪ್ರತಿ ಸಂಜೆ ಮನೆಗೆ ಬರುವಾಗ ತೋಡಿನ ಬಳಿ ನಿಲ್ಲುತ್ತಿದ್ದೆ. ಕಂಬದ ಮೇಲಿನ ಒದ್ದೆಯ ಗೆರೆ ದಿನಕ್ಕೊಂದಿಷ್ಟು ಕೆಳಗಿಳಿಯುತ್ತಿತ್ತು. ಅಕ್ಕ ತೋಡಿನ ಗುಂಡಿಯಿಂದ ಕೊಡದಲ್ಲಿ ನೀರು ಹೊತ್ತು ಅಗೆಗೆ ಎರಚುತ್ತಿದ್ದಳು. ನನ್ನನ್ನು ಕಂಡರೆ "ಬಂದ್ರ್ಯಾ?" ಎನ್ನುತ್ತಿದ್ದಳು, ಅಷ್ಟೇ. ಬೈದಿದ್ದರೆ ನನ್ನ ಬಳಿ ಉತ್ತರವಿತ್ತು.

ಎಂಟನೆಯ ದಿನ ನಾನು ತೋಡು ದಾಟಿ ಊರಿನ ಆಚಾರಿಯ ಮನೆಗೆ ಹೋದೆ. ಆತ ನೊಗವೊಂದನ್ನು ಕೆತ್ತುತ್ತಿದ್ದ. ಕೆಲಸ ನಿಲ್ಲಿಸದೆಯೇ ಕೇಳಿದ: "ಬ್ರಹ್ಮಾವರದ್ ಬಡಗಿಗೆ ಪುರ್ಸೊತ್ತಿಲ್ಯಾ?"

"ತಪ್ಪು ನನ್ನದು" ಎಂದೆ. ಆ ಎರಡು ಪದಗಳನ್ನು ನಾನು ಯಾವ ವೇದಿಕೆಯಲ್ಲೂ ಅಭ್ಯಾಸ ಮಾಡಿರಲಿಲ್ಲ. ಆತ ಉಳಿ ಕೆಳಗಿಟ್ಟ.

ಮರುದಿನ ಬಂದು ಆತ ಕಪಾಟುಗಳನ್ನು ಬಿಚ್ಚಿದ. ಕೊಯ್ದ ತುಂಡುಗಳನ್ನು ಅರ್ಧ ಅಂಕಿಗೆ ಅರ್ಧ ಅಂಕಿ ಹೊಂದಿಸಿ ನೆಲದ ಮೇಲೆ ಮಲಗಿಸಿದ. ಹಿಂದಿನಿಂದ ಕಬ್ಬಿಣದ ಪಟ್ಟಿ ಜಡಿದು ಒಂದೊಂದನ್ನೂ ಮತ್ತೆ ಒಂದೇ ಹಲಗೆ ಮಾಡಿದ. ಹತ್ತು ಸಿದ್ಧವಾದವು, ಅಟ್ಟದಲ್ಲಿ ಹತ್ತು ಇದ್ದವು. ಆತ ಲೆಕ್ಕ ಹಾಕಿ ಬಾಗಿಲಿನ ಕಡೆ ನೋಡಿದ.

"ಇನ್ನ್ ನಾಲ್ಕ್ ಬೇಕ್. ಒಂದ್ ಕಿಂಡಿ ಒಂದೇ ಸಾಲಾದ್ರೆ ಮಣ್ಣ್ ನಿಲ್ಲೂದಿಲ್ಲೆ."

ಆ ಬಾಗಿಲಿಗೆ ನಾನೇ ಎಣ್ಣೆ ತಿಕ್ಕಿದ್ದೆ. ಇಡೀ ಮನೆಯಲ್ಲಿ ಪೂರ್ತಿ ಮುಗಿದಿದ್ದ ವಸ್ತು ಅದೊಂದೇ. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ತಿರುಗಣೆಯ ಮೊಳೆಗೆ ಕೈಹಾಕಿ, "ಹಿಡ್ಕೋ, ಕಾಲ್ಮೇಲ್ ಬೀಳತ್ತ್" ಎಂದರು. ಹಿಡಿದೆ.

ಆಚಾರಿ ಬೆಣೆ ಕಿತ್ತ ಮೇಲೆ, ಮಧ್ಯಾಹ್ನ ಇಪ್ಪತ್ತನಾಲ್ಕೂ ಹಲಗೆಗಳು ಕಿಂಡಿಗಿಳಿದವು. ಮುದುಕ ಕಂಬದ ಮೇಲೆ ಕುಳಿತು ಅಂಕಿ ಕೂಗುತ್ತಿದ್ದ, ಎರಡೂ ಬದಿಯವರು ಹಗ್ಗ ಸಡಿಲಿಸುತ್ತಿದ್ದರು. ಜೇಡಿಮಣ್ಣಿನ ಬುಟ್ಟಿ ಹೊರಲು ನಾನೂ ಸಾಲಿನಲ್ಲಿ ನಿಂತೆ. ಎರಡು ಸಲ ಜಾರಿ ಬಿದ್ದೆ. "ಟೀಚರ್ ಈಗ ಕಲಿತಿದ್ರ್" ಎಂದು ಯಾರೋ ಕೂಗಿದರು. ಕತ್ತಲಾಗುವ ಮೊದಲು ನೀರು ಮೂರನೆಯ ಹಲಗೆಗೆ ಏರಿತು. ಬೆಸೆದ ಹಲಗೆಯೊಂದರಿಂದ ಹನಿ ಸೋರುತ್ತಿತ್ತು. ಅಕ್ಕ ಅಲ್ಲಿಗೆ ಒಂದು ಮುಷ್ಟಿ ಮಣ್ಣು ಮೆತ್ತಿದಳು.

ಅವಳ ಅಗೆಯಲ್ಲಿ ಅರ್ಧ ಉಳಿಯಿತು. ಅರ್ಧ ಗದ್ದೆಗೆ ನಟ್ಟಿಯಾಯಿತು, ಬೆಳೆ ತಡವಾಗಿ, ತೆಳುವಾಗಿ ಬಂತು. ಅನುಮಾನದಲ್ಲಿದ್ದ ಎರಡು ಮನೆಯವರು ಆ ವರ್ಷ ಗದ್ದೆಗೆ ಇಳಿಯಲಿಲ್ಲ. ಮುಂದಿನ ವರ್ಷವೂ ಇಳಿಯಲಿಲ್ಲ. ಅವುಗಳಲ್ಲಿ ಒಂದು ಗದ್ದೆ ಈಗ ಮಣ್ಣು ತುಂಬಿಸಿಕೊಂಡು, ಸುತ್ತ ಕಲ್ಲಿನ ಕಂಪೌಂಡು ಹಾಕಿಸಿಕೊಂಡು ನಿಂತಿದೆ. ನನ್ನಿಂದಲೇ ಹಾಗಾಯಿತೆಂದು ಅಕ್ಕ ಒಮ್ಮೆಯೂ ಹೇಳಿಲ್ಲ. ಅಲ್ಲವೆಂದು ಸಾಧಿಸುವ ವಾದ ನನ್ನಲ್ಲಿದೆ. ಅದನ್ನು ನಾನು ಯಾರೆದುರೂ ಮಂಡಿಸಿಲ್ಲ.

ಆ ಬೇಸಿಗೆಯುದ್ದಕ್ಕೂ ನಮ್ಮ ಮುಂಬಾಗಿಲಿಗೆ ತೆಂಗಿನ ಮಡಲಿನ ತಡಿಕೆಯೇ ಗತಿ. ಪುಸ್ತಕಗಳು ರಟ್ಟಿನ ಪೆಟ್ಟಿಗೆಯಲ್ಲೇ ಉಳಿದವು, ಕೆಲವಕ್ಕೆ ಗೆದ್ದಲು ಹಿಡಿಯಿತು. ವಾಚನಾಲಯ ಎರಡು ವರ್ಷ ತಡವಾಗಿ, ಸಿಮೆಂಟಿನ ತಟ್ಟುಗಳ ಮೇಲೆ ಆರಂಭವಾಯಿತು. ಅಕ್ಕ ಪತ್ರಿಕೆಯಲ್ಲಿ ಮಳೆಯ ಸುದ್ದಿ ಮಾತ್ರ ಓದುತ್ತಾಳೆ. ಇಪ್ಪತ್ತನಾಲ್ಕು ಹಲಗೆಗಳು ಪ್ರತಿ ಮಳೆಗಾಲ ನಮ್ಮ ಹಟ್ಟಿಯ ಅಟ್ಟಕ್ಕೆ ಬರುತ್ತವೆ, ದೀಪಾವಳಿ ಕಳೆದ ಮೇಲೆ ಹೋಗುತ್ತವೆ. ಮಳೆ ನಿಲ್ಲುತ್ತಿದ್ದಂತೆ ನಾನು ಹತ್ತಿ ಎಣಿಸುತ್ತೇನೆ. ಸರಿಯಿವೆಯೆಂದು ಗೊತ್ತಿದ್ದರೂ ಮರುದಿನ ಮತ್ತೆ ಹತ್ತುತ್ತೇನೆ.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇದು. ಹಳ್ಳಿಯಲ್ಲಿ ಹಳೆಯ ಮನೆ ಕೊಂಡಿದ್ದರೆ, ಗೋಡೆ ಒಡೆಯುವ ಮೊದಲು, ಅಟ್ಟ ಖಾಲಿ ಮಾಡುವ ಮೊದಲು, ಆಚೆಮನೆಯವರನ್ನು ಒಂದು ದಿನ ಚಹಾಕ್ಕೆ ಕರೆಯಿರಿ. ಮನೆಯನ್ನು ಅವರಿಗೆ ಪೂರ್ತಿ ತೋರಿಸಿ, ಅಲ್ಲಿರುವ ಒಂದೊಂದು ವಸ್ತುವನ್ನೂ ಮುಟ್ಟಿ, ಇದು ಯಾರದು, ಯಾವುದಕ್ಕೆ ಎಂದು ಕೇಳಿ. ದಯವಿಟ್ಟು ಈ ಮಳೆಗಾಲ ಮುಗಿಯುವುದರೊಳಗೆ ಕೇಳಿ.