ಕಲ್ಲಿನಾಥ ಹಾಕಿದ ಹ್ಯಾಂಡ್‌ಬ್ರೇಕು

ಅಫಜಲಪುರದ ಕಲ್ಲಿನಾಥ ಕಬ್ಬಿನ ಟ್ರಾಲಿಗಳ ಬ್ರೇಕ್ ಕಟ್ಟಿ ಕಟ್ಟಿಯೇ ತಲೆ ನರೆಸಿಕೊಂಡವನು. ತಾನು ಕಟ್ಟಿದ ಗಾಡಿ ಎಲ್ಲೂ ಜಾರಿಲ್ಲ ಎಂಬ ಜಂಬವಿತ್ತು. ಇರಲಿ ಬಿಡಿ, ಕಸುಬುದಾರನಿಗೆ ಅಷ್ಟೂ ಇರದಿದ್ದರೆ ಹೇಗೆ?

ಗೊಬ್ಬೂರಿನ ಶಂಕರಲಿಂಗ ತನ್ನ ಹಳೆಯ ಕಾರು ತಂದದ್ದು ಇವನ ಶೆಡ್ಡಿಗೇ. ಹಿಂದಿನ ಗಾಲಿ ಎರಡನ್ನೇ ಗಪ್ಪನೆ ಹಿಡಿದು ಕಾರನ್ನು ಅಡ್ಡಡ್ಡ ಜಾರಿಸುವ ಡ್ರಿಫ್ಟಿನ ಹುಚ್ಚು ಅವನಿಗೆ. ಅದಕ್ಕೆ ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಹ್ಯಾಂಡ್‌ಬ್ರೇಕ್ ಬೇಕಿತ್ತು.

“ಹಳಿ ಕೇಬಲ್ ತಗದು ಒಗೀರಿ ಮಾಮಾ. ಎರಡೆರಡು ಯಾಕ ಬೇಕು?”

ಕಲ್ಲಿನಾಥ ತೆಗೆದೇಬಿಟ್ಟ. ಹೊಸ ಲಿವರು ಕೈಬಿಟ್ಟರೆ ವಾಪಸು ಬರುತ್ತಿತ್ತು. ಅದಕ್ಕೆ ಟ್ರ್ಯಾಕ್ಟರಿನ ಕೊಕ್ಕೆಯೊಂದನ್ನು ವೆಲ್ಡಿಂಗ್ ಮಾಡಿ, “ಎಳದ್ರ ಎಳದಲ್ಲೇ ನಿಂದರ್ತದ ನೋಡು” ಎಂದ. ಹೆಂಡತಿ ಭಾಗ್ಯಜ್ಯೋತಿ ಸೀಟಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿದಳು, ಇವನು ಕೆಳಗೆ ಮಲಗಿ ಬ್ರೇಕ್ ಎಣ್ಣೆಯ ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆದ. ಅಮಾವಾಸ್ಯೆ ಬೆಳಿಗ್ಗೆ ಕಾರು ಭೀಮಾ ನದಿಯಲ್ಲಿ ತೊಳೆದು ಪೂಜೆ ಮಾಡಿಸಲು ಮಣ್ಣೂರಿಗೆ ಹೊರಟಿತು.

ಅದು ಹೋಗಿ ಸ್ವಲ್ಪ ಹೊತ್ತಾಗಿತ್ತು.

“ಟ್ರಾಲಿ ಜಾಕ್ ಮತ್ತ ಇಳದದ ನೋಡ್ರಿ” ಎಂದಳು ಭಾಗ್ಯಜ್ಯೋತಿ.

ಕಲ್ಲಿನಾಥ ತಿರುಗಿದ. ಬೆಳಿಗ್ಗೆ ಎತ್ತಿ ನಿಲ್ಲಿಸಿದ್ದ ಟ್ರಾಲಿಯ ಗಾಲಿ ನೆಲ ಮುಟ್ಟಿತ್ತು. ಎಣ್ಣೆ ಜಾಕಿನ ಹಣೆಬರಹವೇ ಅಷ್ಟು, ನಿಂತಲ್ಲೇ ಒತ್ತಡ ಇಳಿಯುತ್ತದೆ. ಆ ಕಾರಿನಲ್ಲೂ ಈಗ ಇರುವುದು ಬರೀ ಎಣ್ಣೆ. ಕೊಕ್ಕೆ ಲಿವರನ್ನು ಹಿಡಿದೀತು, ಒತ್ತಡವನ್ನಲ್ಲ.

ಶಂಕರಲಿಂಗನ ಮನೆಯ ಪದ್ಧತಿ ಅವನಿಗೆ ಗೊತ್ತಿತ್ತು. ಹಿಂದೊಮ್ಮೆ ಗೇರಿನಲ್ಲಿದ್ದ ಟ್ರ್ಯಾಕ್ಟರ್ ಚಾಲೂ ಮಾಡುತ್ತಲೇ ಜಿಗಿದು ಪೂಜೆಯ ತಟ್ಟೆಯ ಮೇಲೆ ಹತ್ತಿತ್ತು. ಅಂದಿನಿಂದ ಪೂಜೆಯ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದೇ ನಿಲ್ಲಿಸುತ್ತಾರೆ. ಅದೂ ಹೊಳೆಯ ಇಳಿಜಾರಿನಲ್ಲಿ, ನೀರಿನ ಕಡೆ ಮುಖಮಾಡಿ. ಗಾಡಿಯ ಮುಂದೆ ಶಂಕರಲಿಂಗನ ತಾಯಿ ಕಾಶಿಬಾಯಿ ಕೂತಿರುತ್ತಾಳೆ. ಒಮ್ಮೆ ಕೂತರೆ ಯಾರಾದರೂ ಕೈಹಿಡಿದು ಎಬ್ಬಿಸಬೇಕು, ಮೊಣಕಾಲು ಅಂಥವು.

ಫೋನು ಹಚ್ಚಿದ. ರಿಂಗಾಯಿತು, ರಿಂಗಾಯಿತು, ಎತ್ತಲಿಲ್ಲ. ಮೋಟರ್‌ಸೈಕಲ್ ಒದ್ದು ಹೊರಟ. ದಾರಿತುಂಬ ಕಬ್ಬಿನ ಟ್ರಾಲಿಗಳು, ಒಂದೂ ಸರಿಯುವುದಿಲ್ಲ, ಹಾಳಾದವು! ಎಷ್ಟು ಜನರ ಬ್ರೇಕ್ ಕಟ್ಟಿದ ಕೈ ಇದು, ಆ ಒಂದು ಜೀವಕ್ಕೆ ಏನಾದರೂ ಆದರೆ ಈ ಕೈಯಲ್ಲಿ ಮತ್ತೆ ಅನ್ನ ಹೇಗೆ ಉಣ್ಣುವುದು?

ಹೊಳೆಯ ದಂಡೆಯಲ್ಲಿ ಕಾರು ಅವನು ಅಂದುಕೊಂಡಂತೆಯೇ ನಿಂತಿತ್ತು. ಗಾಲಿಗಳ ಕೆಳಗೆ ನಿಂಬೆಹಣ್ಣು. ಬಂಪರಿನ ಮುಂದೆ ಕಾಶಿಬಾಯಿ ಕುಂಕುಮ ಹಚ್ಚುತ್ತಿದ್ದಳು. ಮಗ ಪಕ್ಕದಲ್ಲಿ ತೆಂಗಿನಕಾಯಿಯ ಜುಟ್ಟು ಕೀಳುತ್ತಿದ್ದ.

ಕಲ್ಲಿನಾಥ ನೋಡುತ್ತಿದ್ದಂತೆಯೇ ನಿಂಬೆಹಣ್ಣು ಪಚ್ಚೆಂದಿತು.

“ಗಾಡಿ ಯಾರು ಬಿಟ್ರು?” ಶಂಕರಲಿಂಗ ನಗುತ್ತ ತಲೆಯೆತ್ತಿದ. ಸೀಟು ಖಾಲಿಯಿತ್ತು. ಅವನ ನಗೆ ಅಲ್ಲಿಗೇ ನಿಂತಿತು.

ಕಲ್ಲಿನಾಥ ಮೋಟರ್‌ಸೈಕಲ್ ಬೀಳಲು ಬಿಟ್ಟು ಓಡಿದ. ಬಾಗಿಲು ತೆಗೆದು ಮೈಯನ್ನು ಒಳಗೆ ಒಗೆದು ಪೆಡಲ್ ಒತ್ತಿದ. ಬಂಪರು ಕಾಶಿಬಾಯಿಯ ಕೈಯಲ್ಲಿದ್ದ ತಟ್ಟೆಗೆ ತಾಗಿ ನಿಂತಿತು.

“ಏನಪ್ಪಾ ಇದು, ಇನ್ನಾ ಆರತಿ ಆಗಿಲ್ಲ” ಎಂದು ಆಕೆ ಗದರಿದಳು.

“ಅವ್ವಾ, ಮೊದಲ ಏಳ್ರಿ. ನಾ ಹಾಕಿದ ಬ್ರೇಕ್ ನಿಂದರಂಗಿಲ್ರಿ. ನಂದಾ ತಪ್ಪು.”

ಶಂಕರಲಿಂಗ ತಾಯಿಯನ್ನು ಎತ್ತಿ ಬದಿಗೆ ಕರೆತಂದ. ಗಾಲಿಗಳಿಗೆ ಕಲ್ಲು ಕೊಟ್ಟ. ಕಾಶಿಬಾಯಿ ಬಾಗಿಲ ಬಳಿ ಬಂದು ಒಳಗೆ ನೋಡಿದಳು. ಕಲ್ಲಿನಾಥನ ಕಾಲು ಇನ್ನೂ ಪೆಡಲನ್ನು ಒತ್ತಿ ಹಿಡಿದೇ ಇತ್ತು. ಆಕೆ ಆ ಮೊಣಕಾಲಿನ ಮೇಲೆ ಕೈಯಿಟ್ಟಳು.

“ಕಾಲ ತಗಿಯಪ್ಪಾ. ಕಲ್ಲ ಇಟ್ಟಾರ, ನಾನೂ ಇಲ್ಲೇ ಇದೀನಿ.”

ಕಲ್ಲಿನಾಥನಿಂದ ಕಾಲು ತೆಗೆಯಲಾಗಲಿಲ್ಲ.